ಗರ್ಭಕೋಶದ ಬಾಯಿಗೆ 15 ವರ್ಷದ ವಾಯಿದೆ

“ಗರ್ಭಕೋಶದ ಬಾಯಾಗ ಹುಣ್ಣಾಗೇತಿ, ಹಂಗೇ ಬಿಟ್ರ ಕ್ಯಾನ್ಸರ್ ಆಕ್ಕತಿ, ತೆಗೆಸಿಬಿಡು ತಂಗಿ.” ಜಗಳೂರು, ಹೊಳಲ್ಕೆರೆ, ಚಳ್ಳಕೆರೆ ಕಡೆಯ ಹೆಣ್ಣುಮಕ್ಕಳಿಗೆ ಈ ಮಾತು ಹೊಸದಲ್ಲ. ಹೀಗೆ ಹೇಳಿಸಿಕೊಂಡು ಬಂದವರ ಕೈಯಲ್ಲಿ ಸಾಮಾನ್ಯವಾಗಿ ಎರಡು ಕಾಗದ ಇರುತ್ತವೆ. ಒಂದು ಚೀಟಿ, ಅದರಲ್ಲಿ ‘ಎರೋಷನ್’ ಎಂದು ಬರೆದಿದೆ. ಇನ್ನೊಂದು ಸ್ಕ್ಯಾನಿಂಗ್ ವರದಿ, ಅದರಲ್ಲಿ ‘ಬಲ್ಕಿ ಯೂಟರಸ್’ ಎಂದಿದೆ. ಎರಡೂ ಕ್ಯಾನ್ಸರಿನ ಹೆಸರಲ್ಲ. ಎರೋಷನ್ ಅಂದರೆ ಬಹಳ ಸಲ ಹುಣ್ಣೇ ಅಲ್ಲ. ಗರ್ಭಕೋಶದ ಬಾಯಿಯ ಒಳಗಿರುವ ಕೆಂಪು ಪದರ ತುಸು ಹೊರಕ್ಕೆ ಮಗುಚಿಕೊಂಡಿರುತ್ತದೆ, ಅಷ್ಟೆ. ಹರೆಯದವರಲ್ಲಿ, ಬಸುರಿಯರಲ್ಲಿ, ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಅದು ಸಹಜ. ‘ಬಲ್ಕಿ’ ಅಂದರೆ ಅಳತೆಯಲ್ಲಿ ಸ್ವಲ್ಪ ದಪ್ಪ. ಎರಡು ಮೂರು ಹೆತ್ತವರ ಗರ್ಭಕೋಶ ಹಾಗಿದ್ದರೆ ಅದರಲ್ಲಿ ವಿಶೇಷವೇನೂ ಇಲ್ಲ.

ಅತ್ತ, ನಿಜವಾಗಿ ಗರ್ಭಕೋಶದ ಬಾಯಿಯ (ಗರ್ಭಕಂಠದ) ಕ್ಯಾನ್ಸರಿನ ದಾರಿ ಹಿಡಿದಿರುವ ಹೆಂಗಸಿಗೆ ವರ್ಷಗಟ್ಟಲೆ ಏನೂ ಅನಿಸುವುದಿಲ್ಲ. ನೋವಿಲ್ಲ, ಬಿಳಿ ಸೆರಗಿಲ್ಲ, ಮುಟ್ಟಿನಲ್ಲಿ ಏರುಪೇರಿಲ್ಲ. ಬರಿಗಣ್ಣಿಗೂ ಅದು ಕಾಣಿಸದು. ಹೀಗಾಗಿ ತೊಂದರೆ ಬಂದಾಗ ಆಸ್ಪತ್ರೆಗೆ ಹೋಗೋಣ ಎಂಬ ನಮ್ಮ ರೂಢಿ ಈ ಕಾಯಿಲೆಯ ಮಟ್ಟಿಗೆ ಕೈಕೊಡುತ್ತದೆ. ಆದರೆ ಇದೇ ಕಾಯಿಲೆ ದೊಡ್ಡ ವಾಯಿದೆಯನ್ನೂ ಕೊಡುತ್ತದೆ. ಇದನ್ನು ತರುವ ವೈರಸ್ ಹೊಕ್ಕ ದಿನದಿಂದ ಕ್ಯಾನ್ಸರ್ ಆಗುವ ಹೊತ್ತಿಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಆ ವಾಯಿದೆಯೊಳಗೆ ಒಂದೆರಡು ಸಲ ಸರಿಯಾಗಿ ನೋಡಿಸಿಕೊಂಡರೆ ಹೆಚ್ಚಿನ ಕೇಸುಗಳನ್ನು ಶುರುವಿನಲ್ಲೇ ಅರ್ಧ ಗಂಟೆಯ ಚಿಕಿತ್ಸೆಯಲ್ಲಿ ಮುಗಿಸಬಹುದು. ಹಾಗೆ ನೋಡಿಸಿಕೊಳ್ಳುವವರು ಎಷ್ಟು ಜನ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿದವರು ಶೇ. 1.9. ಇತ್ತ 2022ರ ಜಾಗತಿಕ ಅಂದಾಜಿನಲ್ಲಿ ಭಾರತದ ಲೆಕ್ಕ ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು.

ವೈರಸ್ ಏನು ಮಾಡುತ್ತದೆ

ಇದರ ಮೂಲ ಹ್ಯೂಮನ್ ಪ್ಯಾಪಿಲೋಮ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಜರ್ಮನಿಯ ಹರಾಲ್ಡ್ ತ್ಸೂರ್ ಹೌಸೆನ್ 1983ರಲ್ಲಿ ಇದರ 16ನೇ ತಳಿಯನ್ನು ಗರ್ಭಕಂಠದ ಕ್ಯಾನ್ಸರ್ ಗಡ್ಡೆಗಳಲ್ಲಿ ಗುರುತಿಸಿದರು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಈ ವೈರಸ್ಸಿಗೆ 200ಕ್ಕೂ ಹೆಚ್ಚು ತಳಿಗಳಿವೆ, ಕ್ಯಾನ್ಸರ್ ತರುವಂಥವು ಅದರಲ್ಲಿ ಸುಮಾರು 14. ಜಗತ್ತಿನ ಗರ್ಭಕಂಠದ ಕ್ಯಾನ್ಸರಿನಲ್ಲಿ ಶೇ. 70ರಷ್ಟಕ್ಕೆ 16 ಮತ್ತು 18 ಎಂಬ ಎರಡೇ ತಳಿ ಕಾರಣ. 6 ಮತ್ತು 11ನೇ ತಳಿಗಳು ಜನನಾಂಗದ ಮೇಲೆ ನರುಳ್ಳಿ ಎಬ್ಬಿಸುತ್ತವೆ. ಅವು ಕ್ಯಾನ್ಸರ್ ಆಗುವುದಿಲ್ಲ.

ಹರಡುವುದು ಚರ್ಮಕ್ಕೆ ಚರ್ಮ ತಾಗುವುದರಿಂದ, ಹೆಚ್ಚಾಗಿ ಲೈಂಗಿಕ ಸಂಪರ್ಕದಲ್ಲಿ. ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಆದರೆ ಅದು ಮುಚ್ಚದ ಚರ್ಮವೂ ತಾಗುವುದರಿಂದ ಪೂರ್ತಿ ತಡೆಯುವುದಿಲ್ಲ. ಸಂಸಾರ ಮಾಡುವ ಗಂಡು ಹೆಣ್ಣುಗಳಲ್ಲಿ ಬಹುಪಾಲು ಮಂದಿಗೆ ಒಂದಲ್ಲ ಒಂದು ಕಾಲಕ್ಕೆ ಇದು ತಗುಲಿಯೇ ಇರುತ್ತದೆ. ಹತ್ತರಲ್ಲಿ ಒಂಬತ್ತು ಜನರಲ್ಲಿ ಎರಡು ವರ್ಷದೊಳಗೆ ಮೈಯೇ ಅದನ್ನು ಹತ್ತಿಕ್ಕುತ್ತದೆ. ಉಳಿದವರಲ್ಲಿ ಸದ್ದಿಲ್ಲದೆ ಹತ್ತು ಹದಿನೈದು ವರ್ಷ ಕೂತಿರಲೂಬಹುದು. ಆದ್ದರಿಂದ 40ನೇ ವಯಸ್ಸಿನಲ್ಲಿ ‘ಎಚ್‌ಪಿವಿ ಪಾಸಿಟಿವ್’ ಎಂದು ಬಂದರೆ ಅದು ಯಾವಾಗ, ಯಾರಿಂದ ಬಂತೆಂದು ಆ ಕಾಗದ ಹೇಳುವುದಿಲ್ಲ. ಈ ಮಾತನ್ನು ಹೆಂಡತಿಗೆ ಹೇಳಿದರೆ ಸಾಲದು, ಗಂಡನನ್ನೂ ಕೂರಿಸಿ ಹೇಳಬೇಕು. ಇಲ್ಲದಿದ್ದರೆ ವರದಿ ಮನೆಯಲ್ಲಿ ಜಗಳಕ್ಕೆ ದಾರಿಯಾಗುತ್ತದೆ, ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತದೆ.

ವೈರಸ್ ಕೂರುವ ಜಾಗ ಯಾವುದೆಂದು ಗೊತ್ತಾದರೆ ಮುಂದಿನ ತಪಾಸಣೆ, ಚಿಕಿತ್ಸೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ದಾವಣಗೆರೆಯಿಂದ ಜಗಳೂರಿನತ್ತ ಹೊರಟರೆ ಒಂದು ಹಂತದಲ್ಲಿ ಭದ್ರಾ ನಾಲೆಯ ಗದ್ದೆ ಮುಗಿದು ಮಳೆ ನಂಬಿದ ಮೆಕ್ಕೆಜೋಳದ ಹೊಲ ಶುರುವಾಗುತ್ತದಲ್ಲ, ಗರ್ಭಕೋಶದ ಬಾಯಲ್ಲೂ ಅಂಥ ಒಂದು ಗಡಿ ಇದೆ. ಒಳಗಡೆ ಲೋಳೆ ಸುರಿಸುವ ಒಂದೇ ಸಾಲಿನ ತೆಳು ಜೀವಕೋಶಗಳು, ಹೊರಗಡೆ ಚರ್ಮದಂತೆ ಪದರ ಪದರವಾದ ಗಟ್ಟಿ ಜೀವಕೋಶಗಳು. ಈ ಗಡಿ ನಿಂತಲ್ಲಿ ನಿಲ್ಲುವುದಿಲ್ಲ. ಮೈನೆರೆದಾಗ ಹೊರಕ್ಕೆ ಬರುತ್ತದೆ, ವಯಸ್ಸಾದಂತೆ ಒಳಕ್ಕೆ ಸರಿಯುತ್ತದೆ. ಸರಿಯುವಾಗ ತೆಳು ಕೋಶಗಳು ಗಟ್ಟಿ ಕೋಶಗಳಾಗಿ ಮಾರ್ಪಡುತ್ತವೆ. ಹೀಗೆ ಮಾರ್ಪಡುತ್ತಿರುವ ಬೆರಳಗಲದ ಪಟ್ಟಿಯೇ ವೈರಸ್ಸಿಗೆ ಪ್ರಿಯವಾದ ಜಾಗ. ಇಲ್ಲಿ ಅದರ ಇ6, ಇ7 ಎಂಬ ಎರಡು ಪ್ರೋಟೀನು ಕೆಲಸಕ್ಕೆ ಇಳಿಯುತ್ತವೆ. ಕೆಟ್ಟ ಜೀವಕೋಶವನ್ನು ಗುರುತಿಸಿ ಕೊಲ್ಲುವ ಪಿ53 ಎಂಬ ಕಾವಲು ಪ್ರೋಟೀನನ್ನು ಇ6 ನಾಶಮಾಡುತ್ತದೆ. ಕೋಶ ವಿಭಜನೆಗೆ ಬ್ರೇಕ್ ಹಾಕುವ ಆರ್‌ಬಿ ಪ್ರೋಟೀನನ್ನು ಇ7 ಹಿಡಿದು ನಿಲ್ಲಿಸುತ್ತದೆ. ಕಾವಲೂ ಇಲ್ಲ, ಬ್ರೇಕೂ ಇಲ್ಲ ಎಂದಮೇಲೆ ತಪ್ಪು ಕೋಶಗಳು ಅಡಿಯಿಂದ ಮೇಲಕ್ಕೆ ತುಂಬುತ್ತಾ ಹೋಗುತ್ತವೆ. ಕ್ಯಾನ್ಸರಿಗೆ ಮುಂಚಿನ ಈ ಬದಲಾವಣೆಗೆ ಸಿಐಎನ್ ಎಂದು ಹೆಸರು: ಪದರದ ಮೂರನೇ ಒಂದು ಭಾಗ ತುಂಬಿದರೆ ಸಿಐಎನ್ 1, ಮೂರನೇ ಎರಡು ಭಾಗವಾದರೆ ಸಿಐಎನ್ 2, ಅದಕ್ಕೂ ಮೀರಿದರೆ ಸಿಐಎನ್ 3.

ಇವು ಮೂರೂ ಕ್ಯಾನ್ಸರಲ್ಲ. ಸಿಐಎನ್ 1 ಹೆಚ್ಚಾಗಿ ತಾನೇ ಹೋಗುತ್ತದೆ. ಸಿಐಎನ್ 3ನ್ನು ಮುಟ್ಟದೆ ಬಿಟ್ಟರೆ 30 ವರ್ಷದಲ್ಲಿ ನೂರರಲ್ಲಿ ಸುಮಾರು 30 ಮಂದಿಗೆ ಕ್ಯಾನ್ಸರ್ ಆಗುತ್ತದೆ. ಬೀಡಿ ಸಿಗರೇಟು, ಹಲವು ಹೆರಿಗೆ, 5 ವರ್ಷಕ್ಕಿಂತ ಹೆಚ್ಚು ಕಾಲ ಗರ್ಭನಿರೋಧಕ ಮಾತ್ರೆ, ಇವು ಅಪಾಯವನ್ನು ಏರಿಸುತ್ತವೆ. ಎಲ್ಲಕ್ಕಿಂತ ಹೆಚ್ಚು ಏರಿಸುವುದು ಎಚ್‌ಐವಿ. ಆ ಸೋಂಕು ಇರುವವರಲ್ಲಿ ಅಪಾಯ ಸುಮಾರು ಆರು ಪಟ್ಟು, ವಾಯಿದೆಯೂ 5ರಿಂದ 10 ವರ್ಷಕ್ಕೆ ಕುಗ್ಗಬಹುದು.

ಲಸಿಕೆ

ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಸತ್ತ ವೈರಸ್ಸೂ ಇಲ್ಲ. ವೈರಸ್ಸಿನ ಹೊರ ಚಿಪ್ಪಿನ ಎಲ್1 ಪ್ರೋಟೀನನ್ನು ಬೇರೆಯಾಗಿ ತಯಾರಿಸಿದರೆ ಅದು ತಾನೇ ಉಂಡೆಗಟ್ಟಿ ವೈರಸ್ಸಿನ ಆಕಾರ ತಳೆಯುತ್ತದೆ. ಚಳ್ಳಕೆರೆಯವರಿಗೆ ಹೇಳುವುದಾದರೆ ಜೊಳ್ಳು ಶೇಂಗಾ ಇದ್ದಂತೆ: ಹೊರಗೆ ಸಿಪ್ಪೆ ಸರಿಯಾಗಿದೆ, ಒಳಗೆ ಮೊಳೆಯುವ ಕಾಳಿಲ್ಲ. ಮೈ ಆ ಸಿಪ್ಪೆಯ ಗುರುತು ಹಿಡಿದಿಟ್ಟುಕೊಂಡು, ನಾಳೆ ನಿಜವಾದ ವೈರಸ್ ಬಂದಾಗ ಜೀವಕೋಶ ಹೊಗಲು ಬಿಡುವುದಿಲ್ಲ. ಒಳಹೊಕ್ಕು ಕೂತ ವೈರಸ್ಸನ್ನು ಹೊರಹಾಕುವ ಶಕ್ತಿ ಈ ಲಸಿಕೆಗಿಲ್ಲ. ಅದಕ್ಕೇ ಸಂಸಾರ ಶುರುವಾಗುವುದಕ್ಕೆ ಬಹಳ ಮುಂಚೆ, 9ರಿಂದ 14ನೇ ವಯಸ್ಸಿನಲ್ಲಿ ಹಾಕಿಸುವುದು. “ಇಷ್ಟು ಸಣ್ಣ ಹುಡುಗಿಗೆ ಯಾಕೆ?” ಎನ್ನುವ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. ಈ ವಯಸ್ಸಿನಲ್ಲಿ ಪ್ರತಿಕಾಯ ಹೆಚ್ಚು ಹುಟ್ಟುತ್ತದೆ, ಹಾಗಾಗಿ ಕಡಿಮೆ ಡೋಸು ಸಾಕು.

ನಮ್ಮಲ್ಲಿ ಸಿಗುವವು: ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಸೆರ್ವಾವ್ಯಾಕ್ (2022ರಲ್ಲಿ ಮಂಜೂರಾತಿ ಪಡೆದದ್ದು), ಗಾರ್ಡಸಿಲ್, ಗಾರ್ಡಸಿಲ್ 9. ಮೊದಲೆರಡು 6, 11, 16, 18ನೇ ತಳಿಗಳನ್ನು ತಡೆಯುತ್ತವೆ. ಮೂರನೆಯದು ಇನ್ನೂ ಐದನ್ನು ಸೇರಿಸಿಕೊಳ್ಳುತ್ತದೆ, ಬೆಲೆಯೂ ಹಲವು ಪಟ್ಟು. ಸೆರ್ವಾವ್ಯಾಕ್ ಮಾರುಕಟ್ಟೆಗೆ ಬಂದದ್ದು ಡೋಸಿಗೆ ಸುಮಾರು 2,000 ರೂಪಾಯಿಯಂತೆ. ದುಡ್ಡಿಲ್ಲವೆಂದು 9 ತಳಿಯದಕ್ಕೆ ಕಾಯುವುದಕ್ಕಿಂತ 4 ತಳಿಯದನ್ನು ಈ ವರ್ಷವೇ ಹಾಕಿಸುವುದು ಜಾಣತನ. ಹೆಚ್ಚಿನ ಕ್ಯಾನ್ಸರಿಗೆ ಕಾರಣವಾದ ಎರಡು ತಳಿ ಎರಡರಲ್ಲೂ ಇವೆ.

9ರಿಂದ 14 ವರ್ಷದವರಿಗೆ ಪ್ಯಾಕೆಟ್ಟಿನ ಮೇಲಿನ ಲೆಕ್ಕ ಎರಡು ಡೋಸ್, 6 ತಿಂಗಳ ಅಂತರ. ಎರಡನೆಯದನ್ನು 5 ತಿಂಗಳಿಗಿಂತ ಮುಂಚೆಯೇ ಹಾಕಿಸಿಬಿಟ್ಟಿದ್ದರೆ ಮೂರನೆಯದು ಬೇಕಾಗುತ್ತದೆ. 15ರಿಂದ 26 ವರ್ಷದವರಿಗೆ ಮೂರು ಡೋಸ್: ಇವತ್ತು, 2 ತಿಂಗಳಿಗೆ, 6 ತಿಂಗಳಿಗೆ. ಎಚ್‌ಐವಿ ಇರುವವರಿಗೆ ಯಾವ ವಯಸ್ಸಾದರೂ ಮೂರು ಒಳ್ಳೆಯದು. ಪರೀಕ್ಷೆ, ಜಾತ್ರೆ, ಜ್ವರ ಎಂದು ಒಂದು ಡೋಸ್ ತಡವಾದರೆ ಮೊದಲಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರಿನಲ್ಲಿ 9ರಿಂದ 20 ವರ್ಷದವರಿಗೆ ಒಂದೇ ಡೋಸ್ ಕೊಟ್ಟರೂ ಆದೀತು ಎಂದು ಹೇಳಿತು. ಆ ತೀರ್ಮಾನದ ಹಿಂದೆ ಭಾರತದ ಹೆಣ್ಣುಮಕ್ಕಳಿದ್ದಾರೆ. 2009ರಲ್ಲಿ ಇಲ್ಲಿ ಎರಡು ಡೋಸ್ ಮತ್ತು ಮೂರು ಡೋಸನ್ನು ಹೋಲಿಸುವ ಒಂದು ಅಧ್ಯಯನ ಶುರುವಾಗಿತ್ತು. 2010ರಲ್ಲಿ ಸರಕಾರ ಎಚ್‌ಪಿವಿ ಲಸಿಕೆಯ ಅಧ್ಯಯನಗಳನ್ನೆಲ್ಲ ನಿಲ್ಲಿಸಿದ್ದರಿಂದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಬಿದ್ದು ನಿಂತುಹೋಯಿತು. ಅವರನ್ನು ಹತ್ತು ವರ್ಷ ಗಮನಿಸಿದಾಗ 16 ಮತ್ತು 18ರ ಬೇರೂರಿದ ಸೋಂಕಿನಿಂದ ಆ ಒಂದು ಡೋಸೇ ಹೆಚ್ಚುಕಡಿಮೆ ಮೂರು ಡೋಸಿನಷ್ಟು ಕಾಪಾಡಿತ್ತು.

ನಿಲ್ಲಿಸಿದ್ದೇಕೆ ಎಂಬುದನ್ನೂ ಹೇಳಬೇಕು, ಇವತ್ತಿಗೂ ವಾಟ್ಸಾಪಿನಲ್ಲಿ ಓಡಾಡುವ ಗಾಳಿಸುದ್ದಿಯ ಬೇರು ಅಲ್ಲಿದೆ. ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ನಡೆದ ಬೇರೊಂದು ಲಸಿಕಾ ಯೋಜನೆಯಲ್ಲಿ 7 ಬಾಲಕಿಯರು ತೀರಿಕೊಂಡಿದ್ದರು. ಹಾವು ಕಚ್ಚಿದ್ದು, ನೀರಿಗೆ ಬಿದ್ದದ್ದು, ಕೀಟನಾಶಕ ಕುಡಿದದ್ದು, ಮಲೇರಿಯಾ ಇಂಥ ಕಾರಣಗಳು ಹೊರಬಂದವು. ಸಾವಿಗೂ ಲಸಿಕೆಗೂ ಸಂಬಂಧ ತನಿಖೆಯಲ್ಲಿ ಕಾಣಲಿಲ್ಲ. ಆದರೆ ತಂದೆತಾಯಿಯ ಒಪ್ಪಿಗೆ ಪಡೆದ ರೀತಿ ತಪ್ಪಾಗಿತ್ತು, ಆ ಟೀಕೆ ನ್ಯಾಯವಾದದ್ದೇ. ಲಸಿಕೆಯಿಂದ ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ಮಾತ್ರ ಯಾವ ಆಧಾರವೂ ಇಲ್ಲ.

ಹಾಕುವಾಗ ಎಡವುವುದು ಸಣ್ಣ ವಿಷಯಗಳಲ್ಲಿ. ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಏಪ್ರಿಲ್ ಬಿಸಿಲಲ್ಲಿ ಮೆಡಿಕಲ್ ಸ್ಟೋರಿನಿಂದ ಕೊಂಡು, ಬಸ್ಸಿನಲ್ಲಿ ಊರಿಗೆ ಒಯ್ದು, ಅಲ್ಲಿಯ ಕಾಂಪೌಂಡರ್ ಕೈಯಲ್ಲಿ ಹಾಕಿಸಿಕೊಳ್ಳುವುದು ಬೇಡ. ಬಿಸಿಯಾಗಬಾರದೆಂದು ಐಸ್ ತುಂಡಿಗೆ ತಾಗಿಸಿ ಇಡುವುದು ಅದಕ್ಕಿಂತ ಕೆಟ್ಟದ್ದು. ಇದರಲ್ಲಿರುವ ಅಲ್ಯುಮಿನಿಯಂ ಲವಣ ಹೆಪ್ಪುಗಟ್ಟಿದರೆ ಲಸಿಕೆ ಕೆಟ್ಟಂತೆಯೇ, ಕರಗಿದ ಮೇಲೆ ನೋಡಿದರೆ ಗೊತ್ತೂ ಆಗುವುದಿಲ್ಲ. ಫ್ರಿಜ್ ಇಟ್ಟುಕೊಂಡಿರುವ ಆಸ್ಪತ್ರೆಯಲ್ಲೇ ಹಾಕಿಸಿ. ಅರ್ಧ ಮಿ.ಲೀ., ಚೆನ್ನಾಗಿ ಅಲ್ಲಾಡಿಸಿ, ತೋಳಿನ ಮೇಲ್ಭಾಗದ ಸ್ನಾಯುವಿಗೆ. ಆಮೇಲೆ 15 ನಿಮಿಷ ಕೂರಲೇಬೇಕು. ಹರೆಯದ ಹುಡುಗಿಯರು ಸೂಜಿ ನೋಡಿ ತಲೆತಿರುಗಿ ಬೀಳುವುದುಂಟು. ಒಬ್ಬಳು ಬಿದ್ದರೆ ಸಾಲಿನಲ್ಲಿ ಇನ್ನಿಬ್ಬರು ಬೀಳುತ್ತಾರೆ, ಮರುದಿನ ಊರೆಲ್ಲ ಲಸಿಕೆಯದೇ ಸುದ್ದಿ. ತಿಂಡಿ ತಿನ್ನಿಸಿ ಕರೆತರುವುದು, ಒಬ್ಬೊಬ್ಬರನ್ನೇ ಒಳಗೆ ಬಿಡುವುದು ಶಾಲೆಗಳಲ್ಲಿ ಲಸಿಕೆ ಹಾಕಿಸುವವರ ಕೆಲಸದ ಅರ್ಧ ಭಾಗ. ಬಸುರಿಯರಿಗೆ ಹೆರಿಗೆಯವರೆಗೆ ಮುಂದೂಡುತ್ತಾರೆ. ಹಿಂದಿನ ಡೋಸಿಗೋ ಯೀಸ್ಟಿಗೋ ತೀವ್ರ ಅಲರ್ಜಿ ಆಗಿದ್ದವರಿಗೆ ಹಾಕುವುದಿಲ್ಲ.

ಲಸಿಕೆ ಹಾಕಿಸಿಕೊಂಡವರೂ 30 ದಾಟಿದ ಮೇಲೆ ತಪಾಸಣೆ ಮಾಡಿಸಬೇಕು. ಲಸಿಕೆಗೆ ಸಿಗದ ತಳಿಗಳು ಇದ್ದೇ ಇವೆ.

ನೋಡಿಸಿಕೊಳ್ಳುವುದು

ಸರಕಾರಿ ಲೆಕ್ಕದಲ್ಲಿ 30ರಿಂದ 65 ವರ್ಷದ ಪ್ರತಿ ಹೆಂಗಸಿಗೂ 5 ವರ್ಷಕ್ಕೊಮ್ಮೆ ತಪಾಸಣೆ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಬಿಪಿ, ಶುಗರ್ ಕೇಳುತ್ತಾ ಫಾರಂ ತುಂಬುತ್ತಾರಲ್ಲ, ಅದರಲ್ಲಿ ಇದೂ ಸೇರಿದೆ. ಬಿಪಿ ನೋಡಿಸಿ ಬರುವ ಜನ ಇದನ್ನು ಮಾತ್ರ “ಇನ್ನೊಮ್ಮೆ ನೋಡೋಣ” ಎಂದು ಬಿಡುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಶುಗರಿನಂಥ ಕಾಯಿಲೆ ನೋಡುವ) ಕ್ಲಿನಿಕ್ಕಿನಲ್ಲೋ ಕೇಳಬೇಕಾದ ಹೆಸರು ‘ವಿಐಎ’, ಅಂದರೆ ಆಮ್ಲ ಹಚ್ಚಿ ಕಣ್ಣಿನಲ್ಲಿ ನೋಡುವ ತಪಾಸಣೆ. ಎಚ್‌ಐವಿಗೆ ಎಆರ್‌ಟಿ ಔಷಧಿ ತೆಗೆದುಕೊಳ್ಳುವವರು 25ರಿಂದಲೇ, 3ರಿಂದ 5 ವರ್ಷಕ್ಕೊಮ್ಮೆ ಮಾಡಿಸಬೇಕು. ಉಳಿದವರು 30ಕ್ಕಿಂತ ಮುಂಚೆ ಎಚ್‌ಪಿವಿ ಪರೀಕ್ಷೆ ಮಾಡಿಸುವುದರಿಂದ ಗಾಬರಿಯೇ ಹೆಚ್ಚು: ತಾನಾಗಿ ಹೋಗುವ ಸೋಂಕೆಲ್ಲ ಪಾಸಿಟಿವ್ ಎಂದು ಬರುತ್ತದೆ.

ವಿಐಎ ಮಾಡುವುದು ಹೀಗೆ. ಮೇಜಿನ ಮೇಲೆ ಕಾಲು ಮಡಚಿ ಮಲಗಿಸಿ, ಬಾತುಕೋಳಿಯ ಕೊಕ್ಕಿನಂಥ ಸ್ಪೆಕ್ಯುಲಮ್ಮನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಒಳಗಿಟ್ಟು ತೆರೆಯುತ್ತಾರೆ. ಗರ್ಭಕೋಶದ ಬಾಯಿ ಕಾಣುತ್ತದೆ, ಗುಲಾಬಿ ಬಣ್ಣದ ಗುಂಡಿಯಂತೆ, ನಡುವೆ ಒಂದು ಸಣ್ಣ ರಂಧ್ರ. ಲೋಳೆಯನ್ನು ಮೆಲ್ಲಗೆ ಒರೆಸಿ, 3ರಿಂದ 5 ಶೇಕಡ ಅಸಿಟಿಕ್ ಆಮ್ಲದಲ್ಲಿ ನೆನೆಸಿದ ಹತ್ತಿಯನ್ನು ಒತ್ತಿ ಒಂದು ನಿಮಿಷ ಕಾಯುತ್ತಾರೆ. ತಪ್ಪು ಕೋಶಗಳಲ್ಲಿ ಪ್ರೋಟೀನು ಹೆಚ್ಚು. ಆಮ್ಲ ತಾಗಿದಾಗ ಅದು ತಾತ್ಕಾಲಿಕವಾಗಿ ಗರಣೆ ಕಟ್ಟಿ ಬೆಳ್ಳಗಾಗುತ್ತದೆ. ಆ ಗಡಿಗೆ ಅಂಟಿಕೊಂಡು, ಅಂಚು ಸ್ಪಷ್ಟವಾಗಿ, ಸುಣ್ಣ ಬಳಿದಷ್ಟು ದಟ್ಟ ಬಿಳುಪು ಕಂಡರೆ ಪಾಸಿಟಿವ್. ಗಡಿಯಿಂದ ದೂರದಲ್ಲಿ ಮಸುಕು ಬಿಳಿ, ಅಲ್ಲಲ್ಲಿ ಚುಕ್ಕಿ ಚುಕ್ಕಿ ಬಿಳಿ, ಇವು ಲೆಕ್ಕಕ್ಕಿಲ್ಲ. ಎಲ್ಲ ಸೇರಿ ಐದಾರು ನಿಮಿಷ. ಸ್ವಲ್ಪ ಚುರುಗುಟ್ಟಬಹುದು, ನೋವಲ್ಲ.

ಕೆಡುವುದು ಎಲ್ಲಿ? ಬಹುತೇಕ ಆ ಒಂದು ನಿಮಿಷದಲ್ಲಿ. ಹೊರಗೆ ಸಾಲು ಉದ್ದವಿದ್ದರೆ 20 ಸೆಕೆಂಡಿಗೇ ನೋಡಿ ‘ನೆಗೆಟಿವ್’ ಬರೆದುಬಿಡುತ್ತಾರೆ, ಬಿಳುಪು ಏಳಲು ಸಮಯವೇ ಸಿಗುವುದಿಲ್ಲ. ದ್ರಾವಣವನ್ನು ದಿನಾ ಹೊಸದಾಗಿ ಮಾಡಬೇಕು: 95 ಮಿ.ಲೀ. ಶುದ್ಧ ನೀರಿಗೆ 5 ಮಿ.ಲೀ. ಗ್ಲೇಷಿಯಲ್ ಅಸಿಟಿಕ್ ಆಮ್ಲ. ಹಳೆಯ ಬಾಟಲಿಯ ದ್ರಾವಣ ಕಸುವು ಕಳೆದುಕೊಂಡಿರುತ್ತದೆ. ಅಳತೆ ತಪ್ಪಿ ಗಟ್ಟಿಯಾದರೆ ಒಳಗೆ ಸುಡುತ್ತದೆ. ಟ್ಯೂಬ್‌ಲೈಟಿನ ಬೆಳಕು ಸಾಲದು, ನೇರ ಬೀಳುವ ಬಿಳಿ ಬೆಳಕು ಬೇಕು. ಎಲ್ಲಕ್ಕಿಂತ ಮುಖ್ಯ, ಗಡಿ ಪೂರ್ತಿ ಕಂಡಿರಬೇಕು. ಮುಟ್ಟು ನಿಂತ ಮೇಲೆ ಗಡಿ ಒಳಕ್ಕೆ ಸರಿದಿರುವುದರಿಂದ 50 ದಾಟಿದವರಿಗೆ ವಿಐಎ ಅಷ್ಟು ನಂಬಿಕೆಯದಲ್ಲ. ಅವರು ಎಚ್‌ಪಿವಿ ಪರೀಕ್ಷೆಯನ್ನೇ ಕೇಳಬೇಕು.

ಪ್ಯಾಪ್ ಸ್ಮಿಯರ್ ಹಳೆಯದು, ಪಟ್ಟಣದ ಲ್ಯಾಬುಗಳಲ್ಲಿ ಇವತ್ತಿಗೂ ಅದೇ ಹೆಚ್ಚು. ಮರದ ಚಪ್ಪಟೆ ಕಡ್ಡಿಯಿಂದ ಬಾಯಿಯ ಸುತ್ತ ಒಂದು ಪೂರ್ತಿ ಸುತ್ತು ಕೆರೆದು, ಗಾಜಿನ ಮೇಲೆ ಸವರಿ, ಆ ಕ್ಷಣವೇ 95 ಶೇಕಡ ಆಲ್ಕೋಹಾಲಿನಲ್ಲಿ ಮುಳುಗಿಸಬೇಕು. ಫ್ಯಾನಿನ ಗಾಳಿಗೆ ಅರ್ಧ ನಿಮಿಷ ಬಿಟ್ಟರೂ ಕೋಶಗಳು ಒಣಗಿ ಉಬ್ಬುತ್ತವೆ, ಸೂಕ್ಷ್ಮದರ್ಶಕದಲ್ಲಿ ಓದುವವರಿಗೆ ಸಹಜ ಯಾವುದು ಕೆಟ್ಟದ್ದು ಯಾವುದು ತಿಳಿಯುವುದಿಲ್ಲ. ಹೆಸರನ್ನು ಪೆನ್ನಿನಲ್ಲಿ ಬರೆದರೆ ಆಲ್ಕೋಹಾಲಿನಲ್ಲಿ ತೊಳೆದುಹೋಗುತ್ತದೆ, ಪೆನ್ಸಿಲಿನಲ್ಲೇ ಬರೆಯಬೇಕು. ವರದಿಯಲ್ಲಿ ‘ಅನ್‌ಸ್ಯಾಟಿಸ್ಫ್ಯಾಕ್ಟರಿ’ ಎಂದಿದ್ದರೆ ಅದು ನೆಗೆಟಿವ್ ಅಲ್ಲ, ಮತ್ತೆ ಮಾಡಿಸಬೇಕು ಎಂದರ್ಥ. ಸ್ಮಿಯರ್ ಚೆನ್ನಾಗಿ ಬಿದ್ದರೂ ಒಂದು ಸಲಕ್ಕೆ ಗಣನೀಯ ಪಾಲು ತಪ್ಪಿಹೋಗುತ್ತದೆ, ಅದಕ್ಕೇ 3 ವರ್ಷಕ್ಕೊಮ್ಮೆ ಎನ್ನುವುದು.

ಇವೆರಡಕ್ಕಿಂತ ಮೇಲು ಎಚ್‌ಪಿವಿ ಡಿಎನ್‌ಎ ಪರೀಕ್ಷೆ. ಸಿಐಎನ್ 2, 3 ಇರುವವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯನ್ನು ಹಿಡಿಯುತ್ತದೆ. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 1.3 ಲಕ್ಷ ಹೆಂಗಸರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೀವಮಾನಕ್ಕೆ ಒಂದೇ ಸಲ ಮಾಡಿದ ಎಚ್‌ಪಿವಿ ಪರೀಕ್ಷೆ ಗರ್ಭಕಂಠದ ಕ್ಯಾನ್ಸರ್ ಸಾವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಜೋಳ ಬೆಳೆಯುವ, ಬರ ಕಾಣುವ, ಗುಳೆ ಹೋಗುವ ಸೀಮೆ ಅದು. ನಮ್ಮ ಮೊಳಕಾಲ್ಮೂರು, ಜಗಳೂರಿಗಿಂತ ಬಹಳ ಬೇರೆಯೇನಲ್ಲ. ನೆಗೆಟಿವ್ ಬಂದರೆ 5ರಿಂದ 10 ವರ್ಷ ನಿಶ್ಚಿಂತೆ. ಟಿಬಿ ಕಫ ಪರೀಕ್ಷೆಗೆಂದು ಆರೋಗ್ಯ ಕೇಂದ್ರಗಳಿಗೆ ಬಂದ ಟ್ರೂನ್ಯಾಟ್ ಯಂತ್ರದಲ್ಲೇ ಬೇರೆ ಚಿಪ್ ಹಾಕಿ ಇದನ್ನು ಮಾಡಬಹುದು. ಇನ್ನೊಂದು ಅನುಕೂಲವೆಂದರೆ ಮಾದರಿಯನ್ನು ಹೆಂಗಸು ತಾನೇ ತೆಗೆದುಕೊಳ್ಳಬಹುದು. ಬಾಗಿಲು ಹಾಕಿಕೊಂಡು, ಮೆತ್ತನೆ ಬ್ರಷ್ಷನ್ನು ಯೋನಿಯೊಳಗೆ ತಡೆ ಸಿಗುವವರೆಗೆ ಬಿಟ್ಟು, ಹತ್ತಿಪ್ಪತ್ತು ಸೆಕೆಂಡು ತಿರುಗಿಸಿ, ಕೊಳವೆಗೆ ಹಾಕಿ ಮುಚ್ಚಳ ಬಿಗಿದು ಕೊಟ್ಟರಾಯಿತು. ಗಂಡು ಡಾಕ್ಟರ ಮುಂದೆ ಮಲಗಲಾರೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಯಾವ ಪರೀಕ್ಷೆಯಾದರೂ ಮುಟ್ಟಿನ ದಿನ ಬೇಡ. ಎರಡು ದಿನ ಮುಂಚಿನಿಂದ ಗಂಡನ ಜೊತೆ ಸೇರುವುದು, ಒಳಗೆ ಮಾತ್ರೆ ಇಡುವುದು, ಒಳಗೆ ನೀರು ಹಾಕಿ ತೊಳೆಯುವುದು ಬಿಡಬೇಕು.

ಪಾಸಿಟಿವ್ ಬಂದರೆ

ಸರಪಳಿ ತುಂಡಾಗುವುದು ಇಲ್ಲೇ. ಪರೀಕ್ಷೆ ಹೊಸದುರ್ಗದಲ್ಲಿ, ವರದಿ 15 ದಿನ ಬಿಟ್ಟು, ಕಾಲ್ಪಸ್ಕೋಪಿಗೆ ಬೇರೆ ಊರು, ಬಯಾಪ್ಸಿ ಫಲಿತಾಂಶಕ್ಕೆ ಮತ್ತೊಮ್ಮೆ, ಚಿಕಿತ್ಸೆಗೆ ಮಗದೊಮ್ಮೆ. ಶೇಂಗಾ ಕೀಳುವ ಕಾಲ ಬಂತೆಂದರೆ ನಾಲ್ಕು ಕೂಲಿ ಕಳೆದುಕೊಂಡು ಯಾರು ಬರುತ್ತಾರೆ? ಮೈಯಲ್ಲಿ ನೋವೂ ಇಲ್ಲ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ, ಪಾಸಿಟಿವ್ ಬಂದವರಿಗೆ ಆದಷ್ಟೂ ಅದೇ ದಿನ ಚಿಕಿತ್ಸೆ ಮುಗಿಸುವ ಪದ್ಧತಿಯನ್ನೂ ಒಪ್ಪಿಕೊಂಡಿದೆ. ಎಚ್‌ಪಿವಿ ಪಾಸಿಟಿವ್ ಇದ್ದು, ಆಮೇಲಿನ ವಿಐಎ ಅಥವಾ ಕಾಲ್ಪಸ್ಕೋಪಿಯಲ್ಲಿ ಏನೂ ಕಾಣದಿದ್ದರೆ ಚಿಕಿತ್ಸೆ ಬೇಡ, 24 ತಿಂಗಳಿಗೆ ಮತ್ತೆ ಎಚ್‌ಪಿವಿ ಪರೀಕ್ಷೆ.

ಕಾಲ್ಪಸ್ಕೋಪ್ ಅಂದರೆ ಹೊರಗೆ ನಿಂತು ನೋಡುವ ದುರ್ಬೀನು, ಒಳಗೆ ಹೋಗುವುದಲ್ಲ. ಹೆಸರು ಕೇಳಿ ಹೆದರುವವರು ಬಹಳ. ದಾವಣಗೆರೆ, ಚಿತ್ರದುರ್ಗದಲ್ಲಿ ಇದಕ್ಕೆ ವಿಚಾರಿಸಬೇಕಾದ್ದು ಜಿಲ್ಲಾ ಆಸ್ಪತ್ರೆ ಮತ್ತು ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಸ್ತ್ರೀರೋಗ ವಿಭಾಗದಲ್ಲಿ. ಮತ್ತೆ ಆಮ್ಲ ಹಚ್ಚಿ, ಆಮೇಲೆ ಅಯೋಡಿನ್ ಹಚ್ಚಿ ನೋಡುತ್ತಾರೆ. ಒಳ್ಳೆಯ ಕೋಶದಲ್ಲಿ ಗ್ಲೈಕೋಜನ್ ಇರುವುದರಿಂದ ಅದು ಕಡುಕಂದು ಆಗುತ್ತದೆ, ಕೆಟ್ಟ ಜಾಗ ಸಾಸಿವೆ ಹಳದಿಯಾಗಿ ಉಳಿಯುತ್ತದೆ. ಅಲ್ಲಿಂದ ಅಕ್ಕಿಕಾಳಿನಷ್ಟು ತುಣುಕು ತೆಗೆದರೆ ಅದೇ ಬಯಾಪ್ಸಿ.

ಕೆಟ್ಟ ಪಟ್ಟಿಯನ್ನು ಇಲ್ಲವಾಗಿಸಲು ಎರಡು ದಾರಿ: ಅಲ್ಲೇ ಸಾಯಿಸುವುದು, ಇಲ್ಲವೇ ಕತ್ತರಿಸಿ ತೆಗೆಯುವುದು. ಸಾಯಿಸುವುದರಲ್ಲಿ ಹಳೆಯದು ಕ್ರಯೋ. ಅನಿಲದಿಂದ ತಣ್ಣಗಾದ ಲೋಹದ ತುದಿಯನ್ನು ಒತ್ತಿ 3 ನಿಮಿಷ ಹೆಪ್ಪುಗಟ್ಟಿಸಿ, 5 ನಿಮಿಷ ಬಿಟ್ಟು, ಮತ್ತೆ 3 ನಿಮಿಷ. ಸಿಲಿಂಡರಿನ ಒತ್ತಡ ಇಳಿದಿದ್ದರೆ ಮೇಲಷ್ಟೇ ಹೆಪ್ಪುಗಟ್ಟಿ ಕೆಳಗಿನ ಕೋಶ ಉಳಿದುಬಿಡುತ್ತದೆ. ಹೊಸದು ಥರ್ಮಲ್ ಅಬ್ಲೇಷನ್. ಬ್ಯಾಟರಿಯಲ್ಲಿ ನಡೆಯುವ, ಕೈಯಲ್ಲಿ ಹಿಡಿಯುವ ಸಾಧನದ ತುದಿಯನ್ನು 100 ಡಿಗ್ರಿಗೆ ಕಾಯಿಸಿ, ಒಂದು ಜಾಗಕ್ಕೆ 20ರಿಂದ 30 ಸೆಕೆಂಡು ಇಡುತ್ತಾರೆ. ಗರ್ಭಕೋಶದ ಬಾಯಲ್ಲಿ ನೋವಿನ ನರ ಕಡಿಮೆ, ಮುಟ್ಟಿನ ಹೊಟ್ಟೆನೋವಿನಷ್ಟು ಅನಿಸಬಹುದು. ಆದರೆ ಸುಟ್ಟರೆ ಲ್ಯಾಬಿಗೆ ಕಳಿಸಲು ಏನೂ ಉಳಿಯುವುದಿಲ್ಲ, ಒಳಗೆ ಕ್ಯಾನ್ಸರ್ ಅಡಗಿದ್ದರೆ ತಿಳಿಯುವುದೇ ಇಲ್ಲ. ಅದಕ್ಕೇ ಇದನ್ನು ಮಾಡುವ ಮುನ್ನ ಕೆಟ್ಟ ಜಾಗದ ಅಂಚು ಪೂರ್ತಿ ಕಂಡಿರಬೇಕು, ರಂಧ್ರದೊಳಕ್ಕೆ ಹೋಗಿರಬಾರದು, ಬಾಯಿಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹರಡಿರಬಾರದು, ಬಸುರಿ ಆಗಿರಬಾರದು.

ಬಸುರಿಯರಿಗೆ ಚಿಕಿತ್ಸೆಯನ್ನು ಹೆರಿಗೆಯವರೆಗೆ ಮುಂದೂಡುತ್ತಾರೆ. ಉಳಿದವುಗಳಲ್ಲಿ ಒಂದು ಕೂಡಿಬರದಿದ್ದರೂ ಲೀಪ್ ಮಾಡಬೇಕು. ಸ್ಥಳಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವಿದ್ಯುತ್ ಹರಿಯುವ ತೆಳು ತಂತಿಯ ಕುಣಿಕೆಯಿಂದ ಆ ಪಟ್ಟಿಯನ್ನು ಬಟ್ಟಲಿನಾಕಾರದಲ್ಲಿ ಕೆತ್ತಿ ತೆಗೆಯುತ್ತಾರೆ. 10–15 ನಿಮಿಷ, ಅದೇ ದಿನ ಮನೆಗೆ. ತುಣುಕು ಲ್ಯಾಬಿಗೆ ಹೋಗುತ್ತದೆ, ವರದಿಯಲ್ಲಿ ‘ಮಾರ್ಜಿನ್’ ಎಂಬ ಪದ ಹುಡುಕಿ. ಅಂಚಿನವರೆಗೆ ಕೆಟ್ಟ ಕೋಶ ಇದ್ದರೆ ಉಳಿದಿರುವ ಸಂಭವ ಹೆಚ್ಚು. ಮುಂದೆ ಮಕ್ಕಳು ಬೇಕಾದವರಿಗೆ ತಿಂಗಳು ತುಂಬದ ಹೆರಿಗೆಯ ಅಪಾಯ ಸ್ವಲ್ಪ ಏರುತ್ತದೆ, ಬಸುರಾದಾಗ ವೈದ್ಯರಿಗೆ ಇದನ್ನು ಹೇಳಲೇಬೇಕು.

ಚಿಕಿತ್ಸೆಯಾದ ಮೇಲೆ ಒಂದು ತಿಂಗಳು ನೀರು ನೀರಾಗಿ ಹೋಗುವುದು ಸಹಜ. ಆ ತಿಂಗಳು ಗಂಡನ ಜೊತೆ ಸೇರುವಂತಿಲ್ಲ, ಕೆರೆ ಹೊಳೆಯ ಸ್ನಾನವೂ ಬೇಡ. ಜ್ವರ, ಗಬ್ಬು ವಾಸನೆ, ಮುಟ್ಟಿಗಿಂತ ಹೆಚ್ಚು ರಕ್ತ, ತಡೆಯಲಾರದ ಹೊಟ್ಟೆನೋವು ಬಂದರೆ ಅಂದೇ ಹಿಂತಿರುಗಬೇಕು. 12 ತಿಂಗಳಿಗೆ ಮತ್ತೆ ಎಚ್‌ಪಿವಿ ಪರೀಕ್ಷೆ.

ಇನ್ನು, ಗರ್ಭಕೋಶವನ್ನೇ ತೆಗೆಸುವ ಮಾತು. ಸಿಐಎನ್‌ಗೆ ಅದು ಮೊದಲ ಚಿಕಿತ್ಸೆಯಲ್ಲ, ಬಿಳಿ ಸೆರಗಿಗಂತೂ ಚಿಕಿತ್ಸೆಯೇ ಅಲ್ಲ. ಪರೀಕ್ಷೆ ಮಾಡದೆ ತೆಗೆದು, ಆಮೇಲೆ ಲ್ಯಾಬಿನಲ್ಲಿ ಕ್ಯಾನ್ಸರ್ ಸಿಕ್ಕರೆ ಅದು ದೊಡ್ಡ ಪೇಚು. ಕ್ಯಾನ್ಸರಿಗೆ ಮಾಡುವ ಆಪರೇಷನ್ನಿನಲ್ಲಿ ಸುತ್ತಲ ಅಂಗಾಂಶ, ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯಬೇಕು. ವಿಕಿರಣ ಕೊಡುವುದಾದರೆ ಗರ್ಭಕೋಶದೊಳಗೆ ಕೂರಿಸಬೇಕಾದ ಕೊಳವೆಗೆ ಜಾಗವೇ ಇರುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ತೆಗೆದ ಅಂಗವನ್ನು ಲ್ಯಾಬಿಗೇ ಕಳಿಸದಿರುವುದು. ಆಗಲೇ ತೆಗೆಸಿಕೊಂಡಿರುವವರು ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಟೋಟಲ್’ ಎಂದಿದೆಯೋ ‘ಸಬ್‌ಟೋಟಲ್’ ಎಂದಿದೆಯೋ ನೋಡಿಕೊಳ್ಳಬೇಕು. ಸಬ್‌ಟೋಟಲ್ ಆಗಿದ್ದರೆ ಬಾಯಿ ಅಲ್ಲೇ ಇದೆ, ತಪಾಸಣೆ ತಪ್ಪುವಂತಿಲ್ಲ.

ವಾಯಿದೆ ಮೀರಿದಾಗ

ಗಂಡನ ಜೊತೆ ಸೇರಿದ ಮೇಲೆ ರಕ್ತ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಮಾಂಸ ತೊಳೆದ ನೀರಿನಂಥ ನಾರುವ ಸೆರಗು. ಇವಕ್ಕೆ ವಿಐಎ, ಪ್ಯಾಪ್ ಎಂದು ಕಾಲ ಕಳೆಯಬಾರದು, ಸ್ಪೆಕ್ಯುಲಮ್ ಇಟ್ಟು ಕಣ್ಣಾರೆ ನೋಡಿ ಬಯಾಪ್ಸಿ ಮಾಡಬೇಕು. “ವಯಸ್ಸಾದ ಮೇಲೆ ಮತ್ತೆ ಮುಟ್ಟಾದೆ” ಎಂದು ನಗುವ ಅಜ್ಜಿಯನ್ನು ಅದೇ ವಾರ ಆಸ್ಪತ್ರೆಗೆ ಕರೆದೊಯ್ಯಬೇಕು.

ಗಡ್ಡೆ ಸಣ್ಣದಿದ್ದು, ಬಾಯಿಯೊಳಗೇ ಇದ್ದರೆ ಆಪರೇಷನ್. 4 ಸೆಂ.ಮೀ. ಮೀರಿದ್ದರೆ, ಪಕ್ಕಕ್ಕೆ ಹರಡಿದ್ದರೆ ವಿಕಿರಣ ಮತ್ತು ಕೀಮೋ ಒಟ್ಟಿಗೆ: ಹೊರಗಿನಿಂದ ವಾರಕ್ಕೆ 5 ದಿನದಂತೆ ಸುಮಾರು 5 ವಾರ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ, ಕೊನೆಗೆ ಒಳಗಿನಿಂದ ಕೊಡುವ ಬ್ರೇಕಿಥೆರಪಿ. ಬಹಳ ಜನ 5 ವಾರ ಮುಗಿಸಿ, ರಕ್ತ ನಿಂತಿತೆಂದು ಊರಿಗೆ ಹೋಗಿ ಬ್ರೇಕಿಥೆರಪಿ ಬಿಟ್ಟುಬಿಡುತ್ತಾರೆ. ಗಡ್ಡೆಗೆ ನಿಜವಾದ ಪೆಟ್ಟು ಬೀಳುವುದು ಅದರಿಂದಲೇ. ಎಲ್ಲ ಸೇರಿ 8 ವಾರದೊಳಗೆ ಮುಗಿಯಬೇಕು, ತಡವಾದಷ್ಟೂ ಗುಣವಾಗುವ ಸಂಭವ ಇಳಿಯುತ್ತದೆ. ಹಬ್ಬ, ಮದುವೆಗೆ ನಡುವೆ ರಜೆ ಕೇಳಬಾರದು. ಹಿಮೋಗ್ಲೋಬಿನ್ 10ಕ್ಕಿಂತ ಇಳಿಯದಂತೆ ನೋಡಿಕೊಳ್ಳುತ್ತಾರೆ, ರಕ್ತ ಕಡಿಮೆಯಿದ್ದ ಗಡ್ಡೆಗೆ ವಿಕಿರಣ ನಾಟುವುದು ಕಡಿಮೆ. ಸಿಸ್‌ಪ್ಲಾಟಿನ್ ಕಿಡ್ನಿಗೆ ಭಾರ, ಪ್ರತಿ ಸಲ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ರಕ್ತಪರೀಕ್ಷೆ) ನೋಡಿಯೇ ಕೊಡಬೇಕು.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೈಯಲ್ಲಿರಲಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಟರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಜೊತೆಗೆ ಬರುವ ಗಂಡಸಿಗೆ ಉಂಟು. ವರದಿಯ ಕಾಗದವಷ್ಟೇ ಒಯ್ದರೆ ಅಲ್ಲಿ ಮತ್ತೆ ಬಯಾಪ್ಸಿ ಮಾಡಿಸಬೇಕಾಗಬಹುದು. ಮೊದಲು ಮಾಡಿದ ಲ್ಯಾಬಿನಿಂದ ಸ್ಲೈಡು ಮತ್ತು ಮೇಣದ ಬ್ಲಾಕನ್ನು ಬರೆದುಕೊಟ್ಟು ಕೇಳಿ ಪಡೆಯಿರಿ. ಬ್ಲಾಕನ್ನು ಬಿಸಿಲು ಬೀಳುವ ಕಿಟಕಿಯ ಪಕ್ಕದ ಸೀಟಿನಲ್ಲಿ ಇಡಬೇಡಿ, ಮೇಣ ಮೆತ್ತಗಾಗುತ್ತದೆ.